ಬಾಯ್ಲರ್ ಇಲ್ಲದ ಕ್ವೀನ್ ಮೇರಿ

ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಬಂದರಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕಟ್ಟಿ ನಿಲ್ಲಿಸಿರುವ ಕ್ವೀನ್ ಮೇರಿ ಹಡಗಿನೊಳಗೆ ಇಂದು ಒಂದೇ ಒಂದು ಬಾಯ್ಲರ್ ಇಲ್ಲ. ಎಂಬತ್ತು ಸಾವಿರ ಟನ್ನಿನ ಆ ಹಡಗನ್ನು ಅಟ್ಲಾಂಟಿಕ್ ಸಾಗರದಲ್ಲಿ ಸಾವಿರದ ಒಂದು ಬಾರಿ ದಾಟಿಸಿದ್ದು ಅದರ ತಳದಲ್ಲಿದ್ದ 27 ಬಾಯ್ಲರ್‌ಗಳು ಮತ್ತು ಅವುಗಳ ಮುಂದೆ ಸರದಿಯ ಮೇಲೆ ಹಗಲೂ ರಾತ್ರಿ ನಿಂತ ಕೆಲಸಗಾರರು. ಆ ಬಾಯ್ಲರ್‌ಗಳನ್ನು ಕತ್ತರಿಸಿ ಹೊರಗೆ ಹಾಕಿ, ಮೇಲಿನ ಊಟದ ಸಭಾಂಗಣವನ್ನೂ ಮರದ ಹಲಗೆ ಹೊದಿಸಿದ ಕೋಣೆಗಳನ್ನೂ ಉಳಿಸಿಕೊಂಡು, ಇದೇ ಕ್ವೀನ್ ಮೇರಿ ಎಂದು ಜನರಿಗೆ ತೋರಿಸಲಾಗುತ್ತಿದೆ. ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ ಅಲ್ಲಿ ದೆವ್ವ ಯಾವ ಕೋಣೆಯಲ್ಲಿದೆ ಎಂಬುದು. ಹಡಗು ಉಳಿಯಿತೆಂಬ ಸಂತೋಷ ನನಗಿದೆ. ಅದರ ಚರಿತ್ರೆಯ ಯಾವ ಭಾಗವನ್ನು ಉಳಿಸಿಕೊಂಡೆವು, ಯಾವ ಭಾಗವನ್ನು ಗುಜರಿಗೆ ಕಳಿಸಿದೆವು ಎಂಬುದರ ಬಗ್ಗೆ ಮಾತ್ರ ಬಹಳ ದಿನಗಳಿಂದ ಬೇಸರವಿದೆ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ಹಡಗಿನ ಕಥೆ ಆರಂಭವಾಗುವುದು ನಿರುದ್ಯೋಗದಿಂದ. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಲ್ಲಿರುವ ಕ್ಲೈಡ್‌ಬ್ಯಾಂಕ್ ಪಟ್ಟಣದ ಜಾನ್ ಬ್ರೌನ್ ಹಡಗು ಕಾರ್ಖಾನೆಯಲ್ಲಿ ಕುನಾರ್ಡ್ ಎಂಬ ಪ್ರಯಾಣಿಕ ಹಡಗುಗಳ ಕಂಪನಿಗಾಗಿ ಇದರ ಕೆಲಸ ಶುರುವಾದಾಗ ಅದಕ್ಕೆ ಹೆಸರೇ ಇರಲಿಲ್ಲ. ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿದ್ದ 534 ಎಂಬ ಸಂಖ್ಯೆಯೇ ಜನರ ಬಾಯಲ್ಲೂ ಓಡಾಡುತ್ತಿತ್ತು. 1931ರ ಡಿಸೆಂಬರ್ ಹೊತ್ತಿಗೆ ಜಗತ್ತಿನ ಆರ್ಥಿಕ ಕುಸಿತ ಕುನಾರ್ಡ್ ಕಂಪನಿಯ ಬುಡಕ್ಕೂ ಬಂದು, ಕ್ರಿಸ್‌ಮಸ್‌ಗೆ ಎರಡು ವಾರ ಇರುವಾಗ ಕೆಲಸ ನಿಲ್ಲಿಸಲಾಯಿತು ಮತ್ತು ಮೂರು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮನೆಗೆ ಕಳಿಸಲಾಯಿತು. ಅವರಲ್ಲದೆ ಬ್ರಿಟನ್ನಿನ ಊರೂರುಗಳಲ್ಲಿ ಇದೇ ಹಡಗಿಗೆ ಉಕ್ಕು, ಕೊಳವೆ, ಯಂತ್ರದ ಭಾಗಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳಿಗೂ ಪೆಟ್ಟು ಬಿತ್ತು. ಎರಡು ವರ್ಷಕ್ಕೂ ಮೀರಿ ಆ ಅರ್ಧ ಕಟ್ಟಿದ ಒಡಲು ಪಟ್ಟಣದ ಮನೆಗಳ ಸೂರುಗಳಿಗಿಂತ ಎತ್ತರದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಕೆಲಸ ಕಳೆದುಕೊಂಡವನು ಬಾಗಿಲು ತೆರೆದರೆ ಕಾಣುತ್ತಿದ್ದುದು ತಾನೇ ರಿವೆಟ್ ಹೊಡೆದು ಅರ್ಧಕ್ಕೆ ಬಿಟ್ಟು ಬಂದ ಗೋಡೆ.

ಆ ಭಾಗದ ಸಂಸತ್ ಸದಸ್ಯರಾಗಿದ್ದ ಡೇವಿಡ್ ಕರ್ಕ್‌ವುಡ್ ಸ್ವತಃ ಎಂಜಿನಿಯರಿಂಗ್ ಕಾರ್ಮಿಕರ ನಡುವಿನಿಂದ ಬಂದವರು. 534ರ ಕೆಲಸ ಮತ್ತೆ ಆರಂಭವಾಗಬೇಕೆಂದು ಅವರು ಸಂಸತ್ತಿನಲ್ಲಿ ಹಿಡಿದ ಹಟವನ್ನು ಕ್ಲೈಡ್‌ಬ್ಯಾಂಕ್ ಮರೆಯಲಿಲ್ಲ. ಕೊನೆಗೆ ಸರ್ಕಾರ 1934ರಲ್ಲಿ ಒಂದು ಕಾಯ್ದೆಯನ್ನೇ ತಂದು 95 ಲಕ್ಷ ಪೌಂಡ್‌ಗಳವರೆಗೆ ಸಾಲ ಕೊಡಲು ಒಪ್ಪಿತು. ಅದರಲ್ಲಿ 30 ಲಕ್ಷ ಈ ಹಡಗನ್ನು ಮುಗಿಸುವುದಕ್ಕೆ, 50 ಲಕ್ಷ ಇದರ ಜೊತೆಗಾತಿಯಾಗಿ ಮುಂದೆ ಕಟ್ಟಲಿದ್ದ ಇನ್ನೊಂದು ಹಡಗಿಗೆ, ಉಳಿದದ್ದು ವ್ಯವಹಾರದ ಬಂಡವಾಳಕ್ಕೆ. ಷರತ್ತು ಒಂದೇ: ಕುನಾರ್ಡ್ ತನ್ನ ಹಳೆಯ ಪ್ರತಿಸ್ಪರ್ಧಿ ವೈಟ್ ಸ್ಟಾರ್ ಕಂಪನಿಯೊಂದಿಗೆ ಒಂದಾಗಬೇಕು. ಟೈಟಾನಿಕ್ ಕಟ್ಟಿಸಿದ ಕಂಪನಿ ಅದು. ಎರಡೂ ಒಂದಾದ ಮೇಲೆ ಟೈಟಾನಿಕ್‌ನ ಅಕ್ಕ ಒಲಿಂಪಿಕ್, ಇಪ್ಪತ್ತು ವರ್ಷ ಅಟ್ಲಾಂಟಿಕ್‌ನ ವೇಗದ ದಾಖಲೆ ಹೊಂದಿದ್ದ ಮಾರಿಟೇನಿಯ, ಇಂಥ ಹಳೆಯ ಹಡಗುಗಳೆಲ್ಲ ಒಂದರ ಹಿಂದೊಂದು ಗುಜರಿಗೆ ಹೋದವು. ಏಪ್ರಿಲ್ ತಿಂಗಳಲ್ಲಿ ಕಾರ್ಮಿಕರು ಬ್ಯಾಗ್‌ಪೈಪ್ ವಾದ್ಯದ ಹಿಂದೆ ಮೆರವಣಿಗೆಯಲ್ಲಿ ಕಾರ್ಖಾನೆಯ ಒಳಗೆ ಹೋದರು. ಅವರು ಮಾಡಿದ ಮೊದಲ ಕೆಲಸ ಟನ್‌ಗಟ್ಟಲೆ ತುಕ್ಕನ್ನು ಕೆರೆದು ತೆಗೆದದ್ದು.

ಅದೇ ವರ್ಷದ ಸೆಪ್ಟೆಂಬರ್ 26ರಂದು, ಮಳೆ ಸುರಿಯುತ್ತಿದ್ದ ಮಧ್ಯಾಹ್ನ, ಬ್ರಿಟನ್ನಿನ ರಾಣಿ ಮೇರಿ ತನ್ನದೇ ಹೆಸರನ್ನು ಹಡಗಿಗೆ ಇಟ್ಟು ನೀರಿಗಿಳಿಸಿದಳು. ಮುನ್ನೂರು ಮೀಟರಿಗೂ ಉದ್ದದ ಒಡಲು ಅಷ್ಟು ಕಿರಿದಾದ ನದಿಗೆ ಜಾರಿ ಎದುರು ದಡಕ್ಕೆ ಹೋಗಿ ಬಡಿಯಬಾರದು. ಅದಕ್ಕೆಂದೇ ಹಡಗನ್ನು ಕಾರ್ಟ್ ಎಂಬ ಉಪನದಿ ಬಂದು ಸೇರುವ ಜಾಗದ ನೇರಕ್ಕೆ ಮುಖ ಓರೆಯಾಗಿಸಿ ಕಟ್ಟಲಾಗಿತ್ತು; ಜಾರುವ ವೇಗವನ್ನು ತಡೆಯಲು ಭಾರವಾದ ಸರಪಳಿಗಳ ರಾಶಿಗಳನ್ನು ಎರಡೂ ಬದಿಗೆ ಬಿಗಿಯಲಾಗಿತ್ತು. ಕಾರ್ಖಾನೆಯ ಲೆಕ್ಕಾಚಾರಕ್ಕೆ ಹೆಚ್ಚುಕಡಿಮೆ ಸರಿಯಾಗಿಯೇ ಅದು ಬಂದು ನಿಂತಿತು. ಹಡಗನ್ನು ನೀರಿಗಿಳಿಸುವಾಗಿನ ಪದ್ಧತಿಯಂತೆ ರಾಣಿಯ ಕೈಯಿಂದ ಒಡೆದ ಬಾಟಲಿಯ ಚಿತ್ರ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಆ ಸರಪಳಿಗಳ ತೂಕವನ್ನು ಲೆಕ್ಕ ಹಾಕಿದವರ ಬಗ್ಗೆ ಇನ್ನಷ್ಟು ಓದಬೇಕೆನ್ನುವುದು ನನ್ನ ಆಸೆ.

ಕ್ವೀನ್ ಮೇರಿಯನ್ನು ವೈಭವದ ಹಡಗು ಎಂದು ವರ್ಣಿಸುವವರು ಕುನಾರ್ಡ್ ಅಧ್ಯಕ್ಷ ಸರ್ ಪರ್ಸಿ ಬೇಟ್ಸ್ ಹೇಳುತ್ತಿದ್ದ ಮಾತನ್ನು ಗಮನಿಸಬೇಕು. ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಪ್ರತಿ ವಾರ ಎರಡೂ ಕಡೆಯಿಂದ ಒಂದೊಂದು ಹಡಗು ಹೊರಡಬೇಕಾದರೆ ಅಲ್ಲಿಯವರೆಗೆ ಮೂರು ಹಡಗು ಬೇಕಾಗುತ್ತಿತ್ತು. ಅದನ್ನು ಎರಡರಲ್ಲೇ ಮುಗಿಸಬೇಕೆಂದರೆ ಎಷ್ಟು ವೇಗ ಬೇಕು, ಅಷ್ಟು ವೇಗದ ಯಂತ್ರಗಳ ಖರ್ಚು ಗಿಟ್ಟಬೇಕಾದರೆ ಎಷ್ಟು ಪ್ರಯಾಣಿಕರು ಬೇಕು ಎಂದು ಲೆಕ್ಕ ಹಾಕಿ, ಈ ಕೆಲಸವನ್ನು ಮಾಡಬಲ್ಲ ಅತ್ಯಂತ ಚಿಕ್ಕ ಮತ್ತು ಅತ್ಯಂತ ನಿಧಾನದ ಹಡಗು ಇದೇ ಎಂದು ಅವರು ವಾದಿಸುತ್ತಿದ್ದರು. 1936ರ ಮೇ 27ರಂದು ಮೊದಲ ಪ್ರಯಾಣಕ್ಕೆ ಹೊರಟ ಹಡಗು ಮಂಜಿನ ಕಾರಣ ದಾಖಲೆ ಮಾಡಲಿಲ್ಲ. ಆಗಸ್ಟ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ಹಡಗಿನಿಂದ ವೇಗದ ಪಟ್ಟವನ್ನು ಕಿತ್ತುಕೊಂಡಿತು. ಮರುವರ್ಷ ಕಳೆದುಕೊಂಡು, 1938ರಲ್ಲಿ ಸರಾಸರಿ 31 ನಾಟ್‌ಗಳ (ಗಂಟೆಗೆ ಸುಮಾರು 57 ಕಿಲೋಮೀಟರ್) ಆಸುಪಾಸಿನ ವೇಗದಲ್ಲಿ ಸಾಗಿ ಮತ್ತೆ ಗಳಿಸಿ, 1952ರಲ್ಲಿ ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಹಡಗು ಬರುವವರೆಗೆ ಅದನ್ನು ಉಳಿಸಿಕೊಂಡಿತು. ವೇಗಕ್ಕೆಂದು ಮಾಡಿಸಿದ್ದ ಟ್ರೋಫಿಯನ್ನು ಸ್ವೀಕರಿಸಲು ಕುನಾರ್ಡ್ ಒಪ್ಪಲೇ ಇಲ್ಲ. ಹೇಳಿದ ವಾರ, ಹೇಳಿದ ದಿನ ಬಂದರು ಮುಟ್ಟುವುದೇ ಅವರಿಗೆ ದೊಡ್ಡ ಮಾತಾಗಿತ್ತು. ಇದನ್ನು ನಾನು ಬಹಳ ಮೆಚ್ಚುತ್ತೇನೆ.

ಒಳಾಂಗಣದ ಸೊಗಸಿನ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ಸಾಮ್ರಾಜ್ಯದ ಮೂಲೆಮೂಲೆಗಳಿಂದ ತರಿಸಿದ ಹತ್ತಾರು ಬಗೆಯ ಮರಗಳನ್ನು ಅಲ್ಲಿ ಬಳಸಿದ್ದರು ಎಂದಷ್ಟೇ ಹೇಳಿ, ನನ್ನ ಮನಸ್ಸಿಗೆ ಹಿಡಿಸಿದ ಒಂದನ್ನು ಮಾತ್ರ ಹೇಳುತ್ತೇನೆ. ದೊಡ್ಡ ಊಟದ ಸಭಾಂಗಣದ ಗೋಡೆಯ ಮೇಲೆ ಮ್ಯಾಕ್‌ಡೊನಾಲ್ಡ್ ಗಿಲ್ ಎಂಬ ಕಲಾವಿದ ರಚಿಸಿದ ಅಟ್ಲಾಂಟಿಕ್ ಸಾಗರದ ಬೃಹತ್ ನಕ್ಷೆಯಿದೆ. ಒಂದು ತುದಿಯಲ್ಲಿ ನ್ಯೂಯಾರ್ಕಿನ ಗಗನಚುಂಬಿಗಳು, ಇನ್ನೊಂದು ತುದಿಯಲ್ಲಿ ಇಂಗ್ಲೆಂಡು, ನಡುವೆ ಚಳಿಗಾಲಕ್ಕೊಂದು ಬೇಸಿಗೆಗೊಂದು ದಾರಿ. ಆ ದಾರಿಯ ಮೇಲೆ ಹರಳಿನಲ್ಲಿ ಮಾಡಿದ ಪುಟ್ಟ ಹಡಗೊಂದು ನಿಧಾನವಾಗಿ ಸರಿಯುತ್ತಾ, ಊಟಕ್ಕೆ ಕುಳಿತವರಿಗೆ ತಾವು ಸಾಗರದಲ್ಲಿ ಎಲ್ಲಿದ್ದೇವೆಂದು ತೋರಿಸುತ್ತಿತ್ತು. ಇಂದು ವಿಮಾನದಲ್ಲಿ ನಮ್ಮ ಎದುರಿನ ಪರದೆಯ ಮೇಲೆ ಕಾಣುವ ನಕ್ಷೆಯ ಹಿರಿಯಜ್ಜ ಅದು.

ಯುದ್ಧ ಬಂದಾಗ ಈ ಎಲ್ಲ ಪೀಠೋಪಕರಣಗಳನ್ನೂ ಕಳಚಿ ಉಗ್ರಾಣಕ್ಕೆ ಹಾಕಿ, ಹಡಗಿಗೆ ಬೂದು ಬಣ್ಣ ಬಳಿಯಲಾಯಿತು. 1940ರಲ್ಲಿ ಸಿಡ್ನಿಗೆ ಹೋಗಿ ಸೈನಿಕರನ್ನು ಸಾಗಿಸುವ ಹಡಗಾಗಿ ಮಾರ್ಪಟ್ಟ ಕ್ವೀನ್ ಮೇರಿ ಅದೇ ವರ್ಷದ ಕೊನೆಯಲ್ಲಿ ಆಸ್ಟ್ರೇಲಿಯದ ಸೈನಿಕರನ್ನು ಹೊತ್ತು ಬೊಂಬಾಯಿಗೂ ಬಂದಿತ್ತು. ಅಲ್ಲಿಂದ ಅವರು ಚಿಕ್ಕ ಹಡಗುಗಳಲ್ಲಿ ಮಧ್ಯಪ್ರಾಚ್ಯದ ಕಡೆ ಹೋದರು. 1941ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ 8ನೇ ಡಿವಿಷನ್ನಿನ ಒಂದು ಇಡೀ ಬ್ರಿಗೇಡನ್ನು ಸಿಂಗಾಪುರದಲ್ಲಿ ಇಳಿಸಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಗಾಪುರ ಜಪಾನಿಗೆ ಶರಣಾಯಿತು. ಹಡಗಿನಿಂದ ಹಾಡುತ್ತಾ ಇಳಿದಿದ್ದ ಆ ಹುಡುಗರಲ್ಲಿ ಬದುಕುಳಿದವರು ಸಾವಿರಾರು ಭಾರತೀಯ ಸೈನಿಕರ ಜೊತೆಯಲ್ಲೇ ಸೆರೆಯಾದರು.

ಶಾಂತಿಕಾಲದಲ್ಲಿ ಸುಮಾರು 2,100 ಪ್ರಯಾಣಿಕರಿಗೆಂದು ಕಟ್ಟಿದ ಹಡಗು ಅಮೆರಿಕದಿಂದ ಬ್ರಿಟನ್ನಿಗೆ ಸೈನಿಕರನ್ನು ತರತೊಡಗಿದಾಗ ಒಂದೊಂದು ಪ್ರಯಾಣದಲ್ಲಿ ಹದಿನೈದು ಸಾವಿರ ಜನರನ್ನು ಹೊತ್ತಿತು. 1943ರ ಜುಲೈಯಲ್ಲಿ ನ್ಯೂಯಾರ್ಕಿನಿಂದ ಹೊರಟಾಗ ಅದರಲ್ಲಿದ್ದವರು 16,683 ಮಂದಿ. ಒಂದು ಹಡಗಿನಲ್ಲಿ ಅಷ್ಟು ಜನ ಅದಕ್ಕೆ ಮೊದಲೂ ಅನಂತರವೂ ಸಾಗರ ದಾಟಿದ್ದಿಲ್ಲ. ನೀರು ಖಾಲಿ ಮಾಡಿದ ಈಜುಕೊಳದೊಳಗೂ ಒಂದರ ಮೇಲೊಂದು ಮಂಚ ಹಾಕಿ, ಒಂದೇ ಮಂಚದಲ್ಲಿ ಸರದಿಯ ಮೇಲೆ ಮಲಗಿಸಲಾಗುತ್ತಿತ್ತು. ಹಡಗನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ಭಾಗ ಮಾಡಿ, ಪ್ರತಿ ಸೈನಿಕನ ಅಂಗಿಗೂ ಅವನ ಭಾಗದ ಬಣ್ಣದ ಬಿಲ್ಲೆ ಸಿಕ್ಕಿಸಲಾಗುತ್ತಿತ್ತು. ಎಲ್ಲರೂ ಒಂದೇ ಕಡೆಗೆ ನುಗ್ಗಿದರೆ ಹಡಗಿನ ಸಮತೋಲವೇ ತಪ್ಪಬಹುದಾದ್ದರಿಂದ ತನ್ನ ಬಣ್ಣದ ಗಡಿಯನ್ನು ಯಾರೂ ದಾಟುವಂತಿರಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಈ ಡೆಕ್‌ಗಳ ಮೇಲೆ ನಡೆದಿದ್ದರು. ಅದರ ವೇಗವನ್ನು ಹಿಡಿಯುವ ಜಲಾಂತರ್ಗಾಮಿ ಜರ್ಮನಿಯ ಬಳಿ ಇರಲಿಲ್ಲ. ಅಂದರೆ ಅಷ್ಟು ಜನರ ಪ್ರಾಣ ನಿಂತಿದ್ದು ತಳದ ಬಾಯ್ಲರ್‌ಗಳ ಉಗಿಯ ಒತ್ತಡದ ಮೇಲೆ.

1943ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಸಮಾಲೋಚನೆಗೆ ಹೊರಟ ವಿನ್‌ಸ್ಟನ್ ಚರ್ಚಿಲ್ ಇದೇ ಹಡಗಿನಲ್ಲಿ ಪ್ರಯಾಣ ಮಾಡಿದರು. ಅದೇ ಪ್ರಯಾಣದಲ್ಲಿ ಕೆಳಗಿನ ಡೆಕ್‌ಗಳಲ್ಲಿ ಸಾವಿರಾರು ಜರ್ಮನ್ ಯುದ್ಧಕೈದಿಗಳಿದ್ದರು. ಮೇಲೆ, ಚರ್ಚಿಲ್ ಜೊತೆ ಬರ್ಮಾ ಯುದ್ಧದ ಚರ್ಚೆಗಾಗಿ ಭಾರತದ ದಂಡನಾಯಕ ವೇವೆಲ್ ಇದ್ದರು. ಆ ವರ್ಷವೇ ವೈಸರಾಯ್ ಆದ ವೇವೆಲ್, ಬಂಗಾಳದ ಕ್ಷಾಮಕ್ಕೆ ಧಾನ್ಯ ಕಳಿಸಿರೆಂದು ಲಂಡನ್ನಿನ ಬೆನ್ನು ಹತ್ತಿದಾಗ ಮತ್ತೆ ಮತ್ತೆ ಸಿಕ್ಕ ಉತ್ತರ ಹಡಗುಗಳಿಲ್ಲ ಎಂಬುದು. ಕ್ವೀನ್ ಮೇರಿ ಧಾನ್ಯ ಸಾಗಿಸುವ ಹಡಗಾಗಿರಲಿಲ್ಲ ಎಂಬುದು ನನಗೆ ಗೊತ್ತು. ಆದರೂ ಭಾರತೀಯನಾದ ನಾನು ಆ ಪ್ರಯಾಣದ ವಿವರ ಓದುವಾಗ ಈ ಸಂಗತಿಯನ್ನು ಬದಿಗಿಟ್ಟು ಓದಲಾರೆ.

ಇನ್ನು ಕ್ಯುರಸೋವಾ ಎಂಬ ಬ್ರಿಟಿಷ್ ಯುದ್ಧನೌಕೆಯ ವಿಷಯ. 1942ರ ಅಕ್ಟೋಬರ್ 2ರಂದು ಸುಮಾರು ಹತ್ತು ಸಾವಿರ ಅಮೆರಿಕನ್ ಸೈನಿಕರನ್ನು ಹೊತ್ತ ಕ್ವೀನ್ ಮೇರಿ ಐರ್ಲೆಂಡಿನ ಉತ್ತರ ಕರಾವಳಿಯ ಬಳಿಗೆ ಬಂದಿತ್ತು. ಜಲಾಂತರ್ಗಾಮಿಗಳಿಗೆ ಗುರಿ ಸಿಗದಿರಲೆಂದು ಅದು 28 ನಾಟ್‌ಗೂ ಹೆಚ್ಚಿನ ವೇಗದಲ್ಲಿ ಅಂಕುಡೊಂಕಾಗಿ ಸಾಗುತ್ತಿತ್ತು. ವಿಮಾನದಾಳಿಯಿಂದ ರಕ್ಷಿಸಲು ಬಂದಿದ್ದ ಕ್ಯುರಸೋವಾ ಮೊದಲ ಮಹಾಯುದ್ಧದ ಕಾಲದ ಹಳೆಯ ಕ್ರೂಸರ್. ಸುಮಾರು 25 ನಾಟ್‌ಗಳೇ ಅದರ ಮಿತಿ. ಅದು ನೆಟ್ಟಗೆ ಸಾಗುತ್ತಿದ್ದರೆ, ಹಿಂದಿನಿಂದ ಬಂದ ದೊಡ್ಡ ಹಡಗು ಬಲಕ್ಕೂ ಎಡಕ್ಕೂ ತಿರುಗುತ್ತಾ ಅದನ್ನು ಸಮೀಪಿಸುತ್ತಿತ್ತು. ದೊಡ್ಡ ಹಡಗಿಗೆ ಬೆಂಗಾವಲಿನ ನೌಕೆಯೇ ದಾರಿ ಬಿಡುತ್ತದೆ ಎಂದು ಕ್ವೀನ್ ಮೇರಿಯವರು, ಹಿಂದಿನಿಂದ ದಾಟಿ ಹೋಗುವ ಹಡಗೇ ಸರಿದು ಹೋಗಬೇಕು ಎಂದು ಕ್ಯುರಸೋವಾದವರು ನಂಬಿಕೊಂಡಿದ್ದರು. ಆಕಾಶ ತಿಳಿಯಾಗಿತ್ತು, ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಣುತ್ತಲೇ ಇದ್ದರು. ಮಧ್ಯಾಹ್ನ ಎರಡು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಎಂಬತ್ತು ಸಾವಿರ ಟನ್ನಿನ ಹಡಗಿನ ಮೂತಿ ಆ ಯುದ್ಧನೌಕೆಯನ್ನು ನಡುವೆ ಸೀಳಿಕೊಂಡು ಹೋಯಿತು.

ಕ್ಯುರಸೋವಾ ಎರಡು ತುಂಡಾಗಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಕ್ವೀನ್ ಮೇರಿ ನಿಲ್ಲಲಿಲ್ಲ. ಯಾವ ಕಾರಣಕ್ಕೂ ನಿಲ್ಲಕೂಡದೆಂಬುದು ಅದಕ್ಕಿದ್ದ ಆಜ್ಞೆ. ನಿಂತಿದ್ದರೆ ಹತ್ತು ಸಾವಿರ ಜನ ಒಂದು ಟಾರ್ಪಿಡೊಗೆ ಗುರಿಯಾಗುತ್ತಿದ್ದರು. ಮೂತಿ ಜಜ್ಜಿಹೋಗಿ ನೀರು ನುಗ್ಗುತ್ತಿದ್ದರೂ ಕ್ಯಾಪ್ಟನ್ ಇಲಿಂಗ್‌ವರ್ತ್ ವೇಗ ಇಳಿಸಿ ಹಡಗನ್ನು ಕ್ಲೈಡ್ ಕಡೆಗೆ ನಡೆಸಿದರು, ಹಿಂದಿದ್ದ ವಿಧ್ವಂಸಕ ನೌಕೆಗಳಿಗೆ ಸಂದೇಶ ಹೋಯಿತು. ಅವು ಬಂದು ಎಣ್ಣೆ ತುಂಬಿದ ನೀರಿನಿಂದ ಎತ್ತಿದ್ದು ನೂರರ ಆಸುಪಾಸು ಜನರನ್ನು. 300ಕ್ಕೂ ಹೆಚ್ಚು ನಾವಿಕರು ಸತ್ತರು. ಯುದ್ಧ ಮುಗಿಯುವವರೆಗೆ ಈ ಸುದ್ದಿಯನ್ನು ಸಾರ್ವಜನಿಕರಿಗೆ ತಿಳಿಸಲಿಲ್ಲ. ಅನಂತರ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. ಮೊದಲ ತೀರ್ಪು ಪೂರ್ತಿ ತಪ್ಪನ್ನು ಕ್ಯುರಸೋವಾದ ಮೇಲೆ ಹೊರಿಸಿದರೆ, ಮೇಲ್ಮನವಿಯಲ್ಲಿ ಮೂರನೇ ಎರಡು ಪಾಲು ನೌಕಾಪಡೆಯದು, ಮೂರನೇ ಒಂದು ಪಾಲು ಕುನಾರ್ಡ್ ಕಂಪನಿಯದು ಎಂದಾಯಿತು; 1949ರಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು. ನಿಲ್ಲದೆ ಹೋದದ್ದು ಸರಿಯಾದ ನಿರ್ಧಾರವೇ ಎಂದು ನನಗೆ ಅನಿಸುತ್ತದೆ. ಆ ನಿರ್ಧಾರವನ್ನು ಪಾಲಿಸುತ್ತಾ ಹಿಂದೆ ತಿರುಗಿ ನೋಡಿದವರು ಉಳಿದ ಆಯುಷ್ಯವನ್ನು ಹೇಗೆ ಕಳೆದರೆಂಬುದನ್ನು ಯೋಚಿಸಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಯುದ್ಧದ ನಂತರ, ಅಮೆರಿಕ ಮತ್ತು ಕೆನಡಾದ ಸೈನಿಕರನ್ನು ಮದುವೆಯಾಗಿದ್ದ ಸಾವಿರಾರು ಯುವತಿಯರನ್ನೂ ಅವರ ಮಕ್ಕಳನ್ನೂ ಹಡಗು 1946ರಲ್ಲಿ ಆ ದಡ ಮುಟ್ಟಿಸಿತು. 1947ರ ಜುಲೈಯಿಂದ ಮತ್ತೆ ವಾರದ ಸೇವೆ ಆರಂಭವಾಯಿತು, ಜೊತೆಗೆ ತಂಗಿ ಕ್ವೀನ್ ಎಲಿಜಬೆತ್. ಬೇಟ್ಸ್ ಕನಸಿನ ಎರಡು ಹಡಗುಗಳ ಲೆಕ್ಕ ಸರಿಹೊಂದಿದ್ದು ಆಗಲೇ. ಅದನ್ನು ನೋಡಲು ಅವರು ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಹತ್ತು ವರ್ಷ ಚೆನ್ನಾಗಿ ನಡೆದ ವ್ಯಾಪಾರ 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಕೂಡಲೇ ಕುಸಿಯಿತು. ಬಿರುಗಾಳಿಯಲ್ಲಿ ಹಡಗು ವಿಪರೀತ ಹೊರಳಾಡುತ್ತದೆಂಬ ಹಳೆಯ ದೂರಿಗೆ ಪರಿಹಾರವಾಗಿ ಸ್ಟೆಬಿಲೈಸರ್ ಅಳವಡಿಸಿದ್ದೂ ಅದೇ ವರ್ಷ.

1967ರ ಸೆಪ್ಟೆಂಬರ್ 25ರ ನಡುರಾತ್ರಿ, ಕೊನೆಯ ಬಾರಿ ಅಟ್ಲಾಂಟಿಕ್ ದಾಟುತ್ತಿದ್ದ ಕ್ವೀನ್ ಮೇರಿ ಮತ್ತು ಎದುರಿನಿಂದ ಬಂದ ಕ್ವೀನ್ ಎಲಿಜಬೆತ್ ದೀಪ ಬೆಳಗಿಕೊಂಡು, ಸಿಳ್ಳೆ ಹಾಕಿಕೊಂಡು ಒಂದನ್ನೊಂದು ದಾಟಿದವು. ಎರಡರ ಕ್ಯಾಪ್ಟನ್‌ಗಳೂ ಟೋಪಿ ಎತ್ತಿ ನಮಸ್ಕರಿಸಿದರಂತೆ. ಎಲಿಜಬೆತ್ 1972ರ ಜನವರಿಯಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಪ್ರತಿಸ್ಪರ್ಧಿ ನಾರ್ಮಂಡಿ 1942ರಲ್ಲೇ ನ್ಯೂಯಾರ್ಕಿನಲ್ಲಿ ಸುಟ್ಟು ಮಗುಚಿತ್ತು. ಆ ಪೀಳಿಗೆಯ ದೈತ್ಯ ಹಡಗುಗಳಲ್ಲಿ ಉಳಿದದ್ದು ಇದೊಂದೇ.

ಲಾಂಗ್ ಬೀಚ್ ನಗರ ತನ್ನ ಕರಾವಳಿಯ ತೈಲದ ಆದಾಯದಿಂದ 34.5 ಲಕ್ಷ ಡಾಲರ್ ಕೊಟ್ಟು ಕೊಳ್ಳದಿದ್ದರೆ ಹಡಗು ಗುಜರಿಯವರ ಪಾಲಾಗುತ್ತಿತ್ತು. ಆ ಋಣವನ್ನು ಮರೆಯಬಾರದು. ಕ್ಯಾಪ್ಟನ್ ಜಾನ್ ಟ್ರೆಷರ್ ಜೋನ್ಸ್ ಅದನ್ನು ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿಸಿ ಡಿಸೆಂಬರ್ 9ರಂದು ಅಲ್ಲಿಗೆ ಮುಟ್ಟಿಸಿದರು. ಎರಡು ದಿನಕ್ಕೆ ಬ್ರಿಟನ್ನಿನ ಹಡಗುಗಳ ಪಟ್ಟಿಯಿಂದ ಹೆಸರು ತೆಗೆಯಲಾಯಿತು. ಅಮೆರಿಕದ ಕಾನೂನಿನ ಕಣ್ಣಿನಲ್ಲಿ ಅದು ಕಟ್ಟಡವಾಯಿತು, ಆಮೇಲೆ ಕಟ್ಟಡವನ್ನು ಒಡೆಯುವ ರೀತಿಯಲ್ಲೇ ಒಡೆದರು. ಎಲ್ಲ ಬಾಯ್ಲರ್ ಕೋಣೆಗಳು, ಮುಂದಿನ ಎಂಜಿನ್ ಕೋಣೆ, ವಿದ್ಯುತ್ ಉತ್ಪಾದನೆಯ ಕೋಣೆಗಳು, ಆಗಷ್ಟೇ ಹತ್ತು ವರ್ಷ ಆಗಿದ್ದ ಸ್ಟೆಬಿಲೈಸರ್ ಕೂಡ ಹೊರಗೆ ಹೋದವು. ಬಾಯ್ಲರ್‌ಗಳನ್ನು ಮೇಲೆತ್ತುವ ದಾರಿಗಾಗಿ ಚಿಮಣಿಗಳನ್ನು ಕಳಚಿದಾಗ, ಅವುಗಳ ತಗಡು ಎಷ್ಟು ಸವೆದಿತ್ತೆಂದರೆ ಮೂವತ್ತು ವರ್ಷ ಪದರದ ಮೇಲೆ ಪದರ ಬಳಿದ ಬಣ್ಣವೇ ಅವನ್ನು ಹಿಡಿದು ನಿಲ್ಲಿಸಿತ್ತಂತೆ. ಈಗಿರುವ ಮೂರು ಚಿಮಣಿಗಳು ಅಲ್ಯೂಮಿನಿಯಂ ನಕಲು. ಖಾಲಿಯಾದ ಜಾಗದಲ್ಲಿ ಫ್ರೆಂಚ್ ಸಾಗರ ಸಂಶೋಧಕ ಜಾಕ್ ಕೂಸ್ತೊ ಅವರ ಸಮುದ್ರ ವಸ್ತುಸಂಗ್ರಹಾಲಯ ಬಂತು, ಕೆಲವು ವರ್ಷಗಳಲ್ಲೇ ಅದೂ ಮುಚ್ಚಿತು. ಅದಕ್ಕಾಗಿ ಕಳೆದುಕೊಂಡ ಬಾಯ್ಲರ್‌ಗಳು ಮಾತ್ರ ಮರಳಿ ಬರಲಾರವು.

ಉಳಿದದ್ದು ಹಿಂದಿನ ಎಂಜಿನ್ ಕೋಣೆ ಒಂದು. ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಿರಿದಾದ ಕಬ್ಬಿಣದ ಮೆಟ್ಟಿಲುಗಳು, ಅಂಗೈಗಳ ಉಜ್ಜುವಿಕೆಗೆ ನುಣುಪಾದ ಹಿಡಿಕಂಬಿ, ಉಗಿಯನ್ನು ತೆರೆದು ಮುಚ್ಚುವ ದೊಡ್ಡ ಚಕ್ರಗಳು, ಅವುಗಳ ಎದುರಿಗೆ ಸಾಲಾಗಿ ಒತ್ತಡದ ಮಾಪಕಗಳು. ಅಲ್ಲಿಂದ ಮುಂದೆ, ಒಡಲಿನ ಹೊರಗೆ ಕಟ್ಟಿದ ಪೆಟ್ಟಿಗೆಯಂಥ ಕೋಣೆಯೊಳಗೆ ಬಗ್ಗಿ ನೋಡಿದರೆ, ನಾಲ್ಕರಲ್ಲಿ ಉಳಿಸಿಕೊಂಡ ಏಕೈಕ ಪ್ರೊಪೆಲ್ಲರ್ ಹಸಿರು ನೀರಿನಲ್ಲಿ ದೀಪದ ಬೆಳಕಿಗೆ ಕಾಣುತ್ತದೆ. ಒಂದೊಂದು ರೆಕ್ಕೆಯೂ ಮನುಷ್ಯನಿಗಿಂತ ಎತ್ತರ. ನೆಂಟರ ಮಕ್ಕಳು ಊಟದ ಸಭಾಂಗಣದಲ್ಲಿ ಬೇಸರಪಟ್ಟರೂ ಇಲ್ಲಿ ಬಾಯಿ ಮುಚ್ಚಿ ನಿಲ್ಲುವುದನ್ನು ನೋಡಿದ್ದೇನೆ.

ದೆವ್ವದ ಪ್ರವಾಸಗಳ ಬಗ್ಗೆ ನನ್ನ ಆಕ್ಷೇಪವನ್ನು ನೇರವಾಗಿ ಹೇಳುತ್ತೇನೆ. ಹಡಗಿನ ಮುಂಭಾಗದಲ್ಲಿ ಕ್ಯುರಸೋವಾದ ನಾವಿಕರ ಕೂಗು ಕೇಳಿಸುತ್ತದೆ ಎಂದು ಹೇಳಿ ಬಂದವರನ್ನು ಹೆದರಿಸಲಾಗುತ್ತದೆ. 1966ರಲ್ಲಿ ನೀರು ತಡೆಯುವ ಬಾಗಿಲೊಂದಕ್ಕೆ ಸಿಕ್ಕಿ ಸತ್ತ ಹದಿಹರೆಯದ ಕೆಲಸಗಾರನನ್ನು ಅದೇ ಬಾಗಿಲಿನ ಬಳಿ ಅಲೆಯುವ ಪ್ರೇತವನ್ನಾಗಿ ಮಾಡಲಾಗಿದೆ. ಇವರು ಯಾರದೋ ಮನೆಯ ಮಕ್ಕಳು, ಕೆಲಸದ ಮೇಲೆ ಇದ್ದಾಗ ಸತ್ತವರು. ಆದಾಯ ಬೇಕು, ದುರಸ್ತಿಗೆ ಹಣ ಬೇಕು ಎಂಬ ಮಾತು ನಿಜ. ಕೆಲವು ವರ್ಷಗಳ ಹಿಂದೆ ನಡೆದ ತಜ್ಞರ ತಪಾಸಣೆ ಇಪ್ಪತ್ತು ಕೋಟಿ ಡಾಲರಿಗೂ ಮೀರಿದ ದುರಸ್ತಿಯ ಅಂದಾಜನ್ನು ಕೊಟ್ಟಿತ್ತು. ಹಡಗನ್ನು ನಡೆಸುತ್ತಿದ್ದ ಗುತ್ತಿಗೆದಾರರು ಕೈಬಿಟ್ಟ ಮೇಲೆ 2021ರಲ್ಲಿ ನಗರವೇ ಹಡಗನ್ನು ಮರಳಿ ವಹಿಸಿಕೊಂಡು, ಒಡಲಿಗೆ ಭಾರವಾಗಿದ್ದ ಲೈಫ್‌ಬೋಟ್‌ಗಳನ್ನು ಇಳಿಸಿ, ನೀರೆತ್ತುವ ಪಂಪ್‌ಗಳನ್ನು ಹೊಸದಾಗಿ ಹಾಕಿ, 2023ರಲ್ಲಿ ಹಡಗಿನೊಳಗಿನ ಹೋಟೆಲನ್ನು ಮತ್ತೆ ತೆರೆಯಿತು. ಈ ಕೆಲಸವನ್ನು ನಾನು ಮನಸಾರೆ ಹೊಗಳುತ್ತೇನೆ. ಆದರೆ ಸತ್ತವರ ಹೆಸರಿನಲ್ಲಿ ಹೆದರಿಕೆಯನ್ನು ಮಾರದೆಯೂ ಹಣ ಗಳಿಸುವಷ್ಟು ಕಥೆ ಈ ಹಡಗಿನಲ್ಲಿದೆ.

ನನ್ನ ಕೈಯಲ್ಲಿದ್ದರೆ ಮೊದಲು ಮಾಡಿಸುತ್ತಿದ್ದುದು, ಖಾಲಿ ಬಿದ್ದಿರುವ ಒಂದು ಬಾಯ್ಲರ್ ಕೋಣೆಯಲ್ಲಿ ಮೂಲ ನಕ್ಷೆಗಳನ್ನು ಇಟ್ಟುಕೊಂಡು ಒಂದೇ ಒಂದು ಬಾಯ್ಲರಿನ ಪೂರ್ಣ ಗಾತ್ರದ ಮಾದರಿಯನ್ನು ನಿಲ್ಲಿಸಿ, ಎಣ್ಣೆ ಉರಿದು, ನೀರು ಉಗಿಯಾಗಿ, ಆ ಉಗಿ ಟರ್ಬೈನ್ ತಿರುಗಿಸಿ, ಹಲ್ಲುಚಕ್ರಗಳ ಮೂಲಕ ಪ್ರೊಪೆಲ್ಲರ್ ತಲುಪುವ ದಾರಿಯನ್ನು ನಡೆದುಕೊಂಡೇ ನೋಡುವಂತೆ ಮಾಡುವುದು. ಎರಡನೆಯದು, ಕ್ಲೈಡ್‌ಬ್ಯಾಂಕಿನ ಆ ಎರಡು ವರ್ಷಗಳ ನಿರುದ್ಯೋಗವನ್ನು ಪ್ರವಾಸದ ಮೊದಲ ಕೋಣೆಯಲ್ಲಿಯೇ ಹೇಳುವುದು. ಆ ಪಟ್ಟಣ 1941ರ ಮಾರ್ಚ್‌ನ ಎರಡು ರಾತ್ರಿಗಳ ಜರ್ಮನ್ ಬಾಂಬ್ ದಾಳಿಯಲ್ಲಿ ಹೆಚ್ಚುಕಡಿಮೆ ನೆಲಸಮವಾಯಿತು, ಅವರು ಕಟ್ಟಿದ ಹಡಗು ಆಗ ಏಷ್ಯಾದ ಸಮುದ್ರಗಳಲ್ಲಿ ಸೈನಿಕರನ್ನು ಹೊರುತ್ತಿತ್ತು. ಮೂರನೆಯದು, ಹಡಗಿನ ಮೂತಿಯ ಬಳಿ ಹೋಗುವ ಪ್ರತಿಯೊಬ್ಬರಿಗೂ ಮೊದಲು ಕ್ಯುರಸೋವಾದ ನಾವಿಕರ ಹೆಸರುಗಳನ್ನು ತೋರಿಸುವುದು.

ಲಾಸ್ ಏಂಜಲೀಸ್ ಕಡೆಗೆ ಬರುವ ಸ್ನೇಹಿತರು ದಯವಿಟ್ಟು ದೆವ್ವದ ಪ್ರವಾಸದ ಟಿಕೆಟ್ ಬಿಟ್ಟು, ಎಂಜಿನ್ ಕೋಣೆ ತೋರಿಸುವ ಹಗಲಿನ ಪ್ರವಾಸದ ಟಿಕೆಟ್ ತೆಗೆದುಕೊಳ್ಳಿ. ಮುಂದೆ ಯಾವ ಭಾಗದ ದುರಸ್ತಿಗೆ ಹಣ ಹೋಗಬೇಕೆಂದು ತೀರ್ಮಾನಿಸುವಾಗ ಎಷ್ಟು ಜನ ಯಾವುದನ್ನು ನೋಡಿದರು ಎಂಬ ಲೆಕ್ಕವೂ ಗಣನೆಗೆ ಬರಬಹುದು.